ಎದೆ ಎಗರಿಸದ ಬಿಸ್ಕತ್ತು

ನಮ್ಮೂರಿನಲ್ಲಿ ಯಾರ ಎದೆ ಹೇಗೆ ಬಡಿದುಕೊಳ್ಳುತ್ತಿದೆ ಎಂಬುದು ಬೀದಿಗೆಲ್ಲ ಕೇಳುತ್ತದೆ. ಕಿವಿಗೊಟ್ಟು ಆಲಿಸಬೇಕಾಗಿಲ್ಲ, ಪಕ್ಕದ ಮನೆಯಲ್ಲಿ ಒನಕೆ ಹಾಕಿ ಕುಟ್ಟಿದರೆ ಹೇಗೆ ಕೇಳುತ್ತದೋ ಹಾಗೆ. ಹೊಸಬರು ಬಸ್ಸಿಳಿದ ಕೂಡಲೇ ಎಲ್ಲಿ ತಮಟೆ ಬಡಿಯುತ್ತಿದ್ದಾರೆ ಎಂದು ತಿರುಗಿ ನೋಡುತ್ತಾರೆ. ಆ ಸದ್ದು ತಮ್ಮ ಅಂಗಿಯೊಳಗಿನದೇ ಎಂದು ಗೊತ್ತಾದ ಮೇಲೆ ಕೈಲಿದ್ದ ಬ್ಯಾಗನ್ನು ಎದೆಗೆ ಅವುಚಿಕೊಳ್ಳುತ್ತಾರೆ. ನಮಗೆ ಅಭ್ಯಾಸವಾಗಿದೆ. ಸಂತೆಯಲ್ಲಿ ಎಳೆ ಬದನೆಕಾಯಿ ಕಂಡು ಗಿರಾಕಿಯ ಎದೆ ಜೋರಾಯಿತೋ, ಮಾರುವವನು ಬೆಲೆ ಏರಿಸಿಬಿಡುತ್ತಾನೆ. ಅದಕ್ಕೇ ನಮ್ಮ ಹೆಂಗಸರು ಸಂತೆಗೆ ಹೋಗುವಾಗ ರಚ್ಚೆ ಹಿಡಿಯುವ ಮಗುವೊಂದನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗುತ್ತಾರೆ. ಹೆಣ್ಣು ನೋಡುವ ಶಾಸ್ತ್ರವನ್ನು ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಳ್ಳುತ್ತಾರೆ. ಗಿರಣಿ ಓಡುತ್ತಿದ್ದರೆ ಯಾರ ಎದೆಯೂ ಯಾರಿಗೂ ಕೇಳುವುದಿಲ್ಲ, ಎರಡೂ ಕಡೆಯವರ ಮಾನ ಉಳಿಯುತ್ತದೆ. ಪಂಚಾಯ್ತಿ ಸೇರಿದಾಗ ದೊಡ್ಡ ಮನುಷ್ಯರೆಲ್ಲ ಬೇಸಿಗೆಯಲ್ಲೂ ಕಂಬಳಿ ಹೊದ್ದು ಬರುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ನನ್ನ ಹೆಸರು ಬೋರಲಿಂಗ. ಆ ಹೆಸರಿನಿಂದ ಕರೆಯುವವರು ಇಬ್ಬರೋ ಮೂವರೋ. ಮಿಕ್ಕವರಿಗೆಲ್ಲ ನಾನು ಗಿರಣಿ. ನನ್ನ ಎದೆಯ ಸದ್ದು ಹಾಗಿತ್ತು. ನಾನು ಬೀದಿಯ ಆ ತುದಿಯಲ್ಲಿ ಬರುತ್ತಿದ್ದರೆ ಈ ತುದಿಯಲ್ಲಿ, 'ಬಂತಪ್ಪ ಗಿರಣಿ, ಇವತ್ತು ಯಾರ ಮೇಲೆ ಸಿಟ್ಟೋ' ಎನ್ನುತ್ತಿದ್ದರು. ಅವ್ವ ತೀರಿಕೊಂಡ ವರ್ಷ ಶುರುವಾದ ಸದ್ದು ಅದು. ಆಗ ನಾನು ಏಳನೇ ಕ್ಲಾಸು. ಲೆಕ್ಕದ ಪರೀಕ್ಷೆ ನಡೆಯುತ್ತಿತ್ತು. ಆರಾಧ್ಯ ಮೇಷ್ಟ್ರು ನನ್ನ ಬೆಂಚಿನ ಹತ್ತಿರ ಬಂದು, ಬೈಯಲಿಲ್ಲ, ಬಹಳ ಮೃದುವಾಗಿಯೇ ಹೇಳಿದರು: "ಲೋ ಬೋರಲಿಂಗ, ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತ್ಕೊಳಪ್ಪ. ಮಿಕ್ಕೋರು ಲೆಕ್ಕ ಮಾಡಬೇಕು. ನಿನ್ನ ಸಿಟ್ಟು ಇಳಿದ ಮೇಲೆ ಒಳಗೆ ಬರುವೆಯಂತೆ." ಹೊರಗೆ ಹೋದೆ. ಮತ್ತೆ ಒಳಗೆ ಹೋಗಲಿಲ್ಲ. ಅದು ಸಿಟ್ಟೇ ಎಂದು ಮೇಷ್ಟ್ರಿಗೆ ಹೇಗೆ ಗೊತ್ತಾಯಿತು ಎಂದು ನಾನು ಆಗ ಕೇಳಬೇಕಾಗಿತ್ತು, ಕೇಳಲಿಲ್ಲ. ಊರೆಲ್ಲ ಸಿಟ್ಟು ಎಂದಮೇಲೆ ನನಗೂ ಅದು ಸಿಟ್ಟೇ ಎನ್ನಿಸಿತು. ಬರಬರುತ್ತ ನಿಜವಾಗಿಯೂ ಸಿಟ್ಟೇ ಆಗಿಬಿಟ್ಟಿತು.

ಅವ್ವನ ಅಕ್ಕ ಮಂಚಮ್ಮ, ನನ್ನ ದೊಡ್ಡಮ್ಮ, ನನ್ನನ್ನು ತನ್ನ ಬೇಕರಿಗೆ ಕರೆದುಕೊಂಡು ಹೋದಳು. ಆ ಬೇಕರಿಗೆ ಬೋರ್ಡಿಲ್ಲ. ಮುಂದೆ ಒಂದು ಜಗಲಿ, ಒಳಗೆ ಸೌದೆ ಒಲೆ, ಹಿಂದೆ ಹಿಟ್ಟು ಕಲೆಸುವ ಮರದ ದೋಣಿ. ಅಲ್ಲಿ ಬನ್ನು, ರಸ್ಕು ಎಲ್ಲ ಆಗುತ್ತಿದ್ದವು. ಜನ ಬರುತ್ತಿದ್ದದ್ದು ಮಾತ್ರ ಬೆಣ್ಣೆ ಬಿಸ್ಕತ್ತಿಗೆ. ಹೆಸರಿಗೆ ಬೆಣ್ಣೆ, ಒಳಗೆ ಮುಕ್ಕಾಲು ಪಾಲು ಡಬ್ಬದ ವನಸ್ಪತಿ ತುಪ್ಪ. ಮೈದಾಹಿಟ್ಟಿನ ಕಣಕಣಕ್ಕೂ ಜಿಡ್ಡಿನ ಅಂಗಿ ತೊಡಿಸಬೇಕು ಎನ್ನುತ್ತಿದ್ದಳು ದೊಡ್ಡಮ್ಮ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಹಿಟ್ಟು ಮುಷ್ಟಿಯ ಆಕಾರದಲ್ಲೇ ನಿಲ್ಲಬೇಕು, ಬೆರಳಲ್ಲಿ ಮುಟ್ಟಿದರೆ ಬೀಳಬೇಕು. ಹಾಗಾದರೆ ಮಾತ್ರ ಬಿಸ್ಕತ್ತು ಹಲ್ಲಿಗೆ ತಾಗುವ ಮೊದಲೇ ಬಾಯಲ್ಲಿ ಉದುರುತ್ತದೆ.

ಆ ಬೇಕರಿಗೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಮೊದಲ ತಟ್ಟೆ ಒಲೆಯಿಂದ ಹೊರಗೆ ಬಂದ ಮೇಲೆ ದೊಡ್ಡಮ್ಮ ಜಗಲಿಗೆ ಬಂದು ಕೂರುತ್ತಿದ್ದಳು. ಕೊಳ್ಳಲು ಬಂದವರು ಬೀದಿಯಲ್ಲಿ ನಿಲ್ಲುತ್ತಿದ್ದರು. ನನ್ನನ್ನು ಹಿತ್ತಲಿಗೆ ಅಟ್ಟುತ್ತಿದ್ದರು, ನನ್ನ ಸದ್ದಿನಲ್ಲಿ ಅವಳ ಸದ್ದು ಮುಳುಗಿಹೋಗುತ್ತದೆ ಎಂದು. ದೊಡ್ಡಮ್ಮ ಒಂದು ಬಿಸ್ಕತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಬೀದಿಯೇ ಉಸಿರು ಬಿಗಿಹಿಡಿಯುತ್ತಿತ್ತು. ಅವಳ ಎದೆ ಭಾರದ ಗಾಡಿಯ ಹಾಗೆ ನಿಧಾನವಾಗಿ ಸಾಗುತ್ತಾ ಸಾಗುತ್ತಾ, ಇದ್ದಕ್ಕಿದ್ದಂತೆ ಒಂದು ಹೆಜ್ಜೆ ತಪ್ಪಿಸಿ, ದಢಾರನೆ ಒಂದು ಸಲ ಎಗರುತ್ತಿತ್ತು. "ಎಗರಿತು!" ಎಂದು ಜನ ಕೂಗುತ್ತಿದ್ದರು. ಆಮೇಲೇ ವ್ಯಾಪಾರ. ಬಿಸ್ಕತ್ತಿನ ರುಚಿಗೆ ಮಂಚಮ್ಮನ ಎದೆಯೇ ಕುಣಿಯುತ್ತದೆ ಎಂದು ಆಚೀಚೆ ಊರಿನವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಎಗರು ಕೇಳದೆ ಒಂದು ಬಿಸ್ಕತ್ತೂ ಕೊಳ್ಳುತ್ತಿರಲಿಲ್ಲ.

ಹೀಗೇ ಎಷ್ಟೋ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ತಟ್ಟೆಗಳಿಗೆ ಹಿಡಿದ ಸೀಕಲು ಕೆರೆಯುತ್ತಿದ್ದೆ. ದೊಡ್ಡಮ್ಮ ಒಲೆಯ ಪಕ್ಕದಲ್ಲಿ ಕೂತು ರವೆ ಕೇರುತ್ತಿದ್ದಳು. ಬಾಯಲ್ಲಿ ಏನೂ ಇರಲಿಲ್ಲ, ಎಲೆ ಅಡಿಕೆಯೂ ಇಲ್ಲ. ಎದೆ ಎಗರಿತು. ಅವಳ ಕೈಯಿಂದ ಮೊರ ಜಾರಿತು. ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪಕ್ಕದ ಡಬ್ಬಿಯಿಂದ ಬಿಸ್ಕತ್ತೊಂದನ್ನು ಎಳೆದು ಬಾಯಿಗೆ ತುರುಕಿಕೊಂಡಳು. ಎದುರು ಮನೆಯಿಂದ ದರ್ಜಿ ಜವರಪ್ಪ ಹೊಲಿಗೆ ಯಂತ್ರ ನಿಲ್ಲಿಸಿ ಕೂಗಿದ: "ಏನ್ ಮಂಚಮ್ಮ, ಒಬ್ಳೇ ತಿಂತಾ ಇದ್ದೀಯಾ? ನಮಗೂ ಇಷ್ಟು ಮಡಗು!"

"ಬಾ, ಬಾ, ನಿನಗಿಲ್ದೆ ಇನ್ಯಾರಿಗೆ," ಎಂದಳು ದೊಡ್ಡಮ್ಮ, ಬಾಯ್ತುಂಬ ಬಿಸ್ಕತ್ತಿಟ್ಟುಕೊಂಡು. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

ನಾನು ಎದ್ದು ಹೋಗಿ ಬಾಗಿಲು ಮುಂದೆ ಮಾಡಿದೆ. "ಮೊದಲು ಎಗರಿತು, ಆಮೇಲೆ ನೀನು ತಿಂದೆ," ಎಂದೆ. "ನಾನು ನೋಡಿದೆ."

"ಮೆತ್ತಗೆ ಮಾತಾಡೋ."

"ಮೊದಲು ಎಗರಿತು, ಆಮೇಲೆ..."

"ಹೂಂ ಕಣೋ. ಅದು ಬಂದಾಗ ಬರ್ತದೆ. ಬಿಸ್ಕತ್ತಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಬರೋವರ್ಗೂ ಬಿಸ್ಕತ್ತು ಬಾಯಲ್ಲಿ ಇಟ್ಕೊಂಡಿರ್ತೀನಿ, ಅಷ್ಟೇ." ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಹೊಳೆಯಾಚೆಯ ಊರಿನ ಡಾಕ್ಟರ ಹತ್ತಿರ ಹೋಗಿಬಂದಿದ್ದಳಂತೆ, ಯಾರಿಗೂ ಹೇಳದೆ. ಆ ಊರಿನಲ್ಲಿ ಎದೆ ಹೊರಗೆ ಕೇಳಿಸುವುದಿಲ್ಲ. ಪಾಪ, ಅವರು ಕಿವಿಗೆ ರಬ್ಬರ್ ಕೊಳವೆ ಸಿಕ್ಕಿಸಿಕೊಂಡು ಕೇಳಬೇಕು. ಆ ಡಾಕ್ಟರು ಹೇಳಿದ್ದು, ಇದು ಕುಣಿತವಲ್ಲ ಕಾಯಿಲೆ, ಒಂದಲ್ಲ ಒಂದು ದಿನ ಎಗರಿದ್ದು ಮತ್ತೆ ಕೆಳಗೆ ಇಳಿಯುವುದಿಲ್ಲ. ಮಾತ್ರೆ ಕೊಟ್ಟು, ಜಿಡ್ಡು ಬಿಡಿ, ನಾರು ತಿನ್ನಿ ಎಂದಿದ್ದರು. "ನಾರು ತಿನ್ನಕ್ಕೆ ನಾನೇನು ಹಗ್ಗ ಹೊಸೆಯೋಳಾ ಅಂದೆ," ಎಂದು ಹೇಳಿ ದೊಡ್ಡಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

"ಹಂಗಾದ್ರೆ ತಿನ್ನೋದು ಬಿಡು."

"ಬಿಟ್ರೆ ಬೆಳಿಗ್ಗೆ ಜಗಲಿ ಮೇಲೆ ಕೂತು ಏನು ತಿನ್ಲಿ, ಮಣ್ಣಾ? ಇಷ್ಟು ವರ್ಷದಿಂದ ನನ್ನ ಕಾಯಿಲೆ ಕೇಳಿ ಬಿಸ್ಕತ್ತು ಕೊಂಡ್ರು ಅಂತ ಗೊತ್ತಾದ್ರೆ ಈ ಬೀದೀಲಿ ಯಾರಾದ್ರೂ ಬರ್ತಾರಾ? ಬಾಯಿ ಬಿಟ್ಟೀಯ, ನನ್ನಾಣೆ."

ಆವತ್ತು ನನಗೆ ಬಂದ ಸಿಟ್ಟು ಊರಿನ ಮೇಲೆ. ದಿನಾ ಬೆಳಿಗ್ಗೆ ಒಂದು ಹೆಂಗಸು ಸಾವಿನ ಬಾಗಿಲು ತಟ್ಟುವುದನ್ನು ಕೇಳಿ, 'ಎಗರಿತು' ಎಂದು ಕೂಗಿ, ಪೊಟ್ಟಣ ಕಟ್ಟಿಸಿಕೊಂಡು ಹೋಗಿ ಕಾಫಿಗೆ ಅದ್ದಿಕೊಂಡು ತಿನ್ನುತ್ತಿದ್ದರಲ್ಲ! ಕಿವಿ ಇದ್ದರೆ ಸಾಕು, ಎಲ್ಲ ತಿಳಿಯುತ್ತದೆ ಎಂದು ಬೀಗುವ ಊರು. ಆಮೇಲೆ ನನಗೆ ಹೊಳೆಯಿತು, ಹಿತ್ತಲಲ್ಲಿ ನಿಂತು ಆ ಎಗರನ್ನು ಕೇಳಿ ನಾನೂ ಎಷ್ಟೋ ಸಲ ಹೆಮ್ಮೆ ಪಟ್ಟಿದ್ದೆ. ಅದು ಹೊಳೆದ ಮೇಲೆ ಸಿಟ್ಟು ಇನ್ನಷ್ಟು ಹೆಚ್ಚಿತು. ಜವರಪ್ಪ ಎದುರಿನಿಂದ, "ಗಿರಣಿಗೆ ಎಣ್ಣೆ ಬಿಡ್ರೋ, ದಾರ ತುಂಡಾಗ್ತಾ ಇದೆ," ಎಂದು ಕೂಗಿದ.

ಜಿಡ್ಡು ತೆಗೆದು ನಾರು ಹಾಕಿದರೆ ಏನಾಗುತ್ತದೆ? ಬಿಸ್ಕತ್ತು ಬಿಸ್ಕತ್ತಾಗಿಯೇ ಉಳಿಯುತ್ತದೋ ಇಲ್ಲವೋ? ಇದನ್ನು ಕೇಳಲು ನನಗೆ ಯಾರೂ ಇರಲಿಲ್ಲ. ನಾರು ಎಂದರೆ ನನಗೆ ಗೊತ್ತಿದ್ದದ್ದು ಬೂಸಾ. ಗಿರಣಿಯಿಂದ ಗೋಧಿಯ ಬೂಸಾ ತಂದೆ, ಅರ್ಧ ವನಸ್ಪತಿ ತೆಗೆದು ಆ ಜಾಗಕ್ಕೆ ಬೂಸಾ ಸುರಿದೆ. ಕಲೆಸುವಾಗ ಚೆನ್ನಾಗಿಯೇ ಇತ್ತು. ಒಲೆಯಿಂದ ತೆಗೆದಾಗ ತಟ್ಟೆಯಿಂದ ಒಂದು ಜಾರಿ ನೆಲಕ್ಕೆ ಬಿತ್ತು, ನೆಲದ ಗಾರೆ ಚಕ್ಕೆ ಎದ್ದಿತು. ಜವರಪ್ಪ ಸದ್ದು ಕೇಳಿ ದಾಟಿಬಂದ. ಒಂದನ್ನು ಕೈಗೆತ್ತಿಕೊಂಡು ಬಾಗಿಲ ಚೌಕಟ್ಟಿಗೆ ಬಡಿದು ನೋಡಿದ. "ಹೆಂಚು ಸುಟ್ಟಿದ್ದೀಯೇನೋ ಗಿರಣಿ? ನನ್ನ ಅಂಗಡಿ ಸೋರ್ತಾ ಇದೆ, ನಾಲ್ಕು ಕೊಡು."

"ಆರೋಗ್ಯಕ್ಕೆ ಒಳ್ಳೇದು ಅದು. ಬೂಸಾ ಹಾಕಿದ್ದೀನಿ."

"ಬೂಸಾ? ಹಸು ತಿನ್ನೋದಾ?" ಅವನು ಬೀದಿಗೇ ತಿರುಗಿ ಕೂಗಿದ. "ಕೇಳ್ರಪ್ಪೋ, ನಾಳೆಯಿಂದ ಬಿಸ್ಕತ್ತಿನ ಜೊತೆ ಮೂಗುದಾರಾನೂ ಕೊಡ್ತಾನಂತೆ!"

ಬೀದಿ ನಕ್ಕಿತು. ನಾನು ಒಂದು ಬಿಸ್ಕತ್ತನ್ನು ಅವನ ಕಡೆ ಬೀಸಿದೆ, ಅವನಿಗೆ ತಾಗಿದ್ದರೆ ನಾನು ಇವತ್ತು ಜೈಲಿನಲ್ಲಿರುತ್ತಿದ್ದೆ. ಬೀದಿನಾಯಿ ಅದನ್ನು ಕಚ್ಚಿಕೊಂಡು ಹೋಗಿ, ಮೂಸಿ, ಕಾಲಲ್ಲಿ ಗುಂಡಿ ತೋಡಿ ಹೂತುಹಾಕಿತು. ದೊಡ್ಡಮ್ಮ ಮಾತ್ರ ಉಳಿದವನ್ನೆಲ್ಲ ಡಬ್ಬಿಗೆ ತುಂಬಿಟ್ಟಳು. ತಿನ್ನುವ ಪದಾರ್ಥ ಬಿಸಾಡುವುದು ಅವಳ ಜಾಯಮಾನದಲ್ಲೇ ಇಲ್ಲ. ಆವತ್ತಿನಿಂದ ಕಾಫಿಗೆ, ಮಧ್ಯಾಹ್ನದ ಹಸಿವಿಗೆ, ನನ್ನ ಕೆಟ್ಟ ಬಿಸ್ಕತ್ತುಗಳನ್ನೇ ನೆನೆಸಿಕೊಂಡು ತಿನ್ನತೊಡಗಿದಳು, ಬೈಯುತ್ತಾ. ವನಸ್ಪತಿಯದನ್ನು ಮುಟ್ಟುತ್ತಿದ್ದದ್ದು ಬೆಳಿಗ್ಗೆ ಜಗಲಿಯ ಮೇಲೆ ಮಾತ್ರ.

ಬೂಸಾ ಹಿಟ್ಟಿನೊಳಗೆ ಕೂತು ಹಿಟ್ಟಿಗೆ ಸೇರಬೇಕಾದ ನೀರನ್ನೆಲ್ಲ ತಾನೇ ಕುಡಿದುಬಿಟ್ಟಿತ್ತು, ಅದು ನನಗೆ ತಡವಾಗಿ ತಿಳಿಯಿತು. ಮೊದಲೇ ನೆನೆಸಿ ಹಾಕಿದೆ. ಹೆಂಚು ಹೋಗಿ ಹಳೇ ಚಪ್ಪಲಿಯಾಯಿತು. ನೀರು ತಾಗಿದರೆ ಲೋಳೆಯಾಗುವ ಇಸಬ್‌ಗೋಲ್ ಹೊಟ್ಟು ಹಾಕಿದೆ, "ಇದನ್ನ ಲಕೋಟೆಗೆ ಹಚ್ಚಬಹುದು ಕಣೋ," ಎಂದಳು ದೊಡ್ಡಮ್ಮ, ಅಂಗುಳಕ್ಕೆ ಅಂಟಿದ ನಾಲಿಗೆ ಬಿಡಿಸಿಕೊಳ್ಳುತ್ತಾ. ನಾನು ಪ್ರತಿ ಸಲವೂ ತಟ್ಟೆ ಒದೆಯುತ್ತಿದ್ದೆ. ಅವಳು ಪ್ರತಿ ಸಲವೂ ಆರಿಸಿ ಡಬ್ಬಿಗೆ ತುಂಬುತ್ತಿದ್ದಳು. ಶ್ರಾವಣ ಕಳೆಯಿತು, ಮಹಾನವಮಿ ಬಂತು. ಬೆಳಗಿನ ಎಗರಿಗೆ ಜನ ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕಾಗುತ್ತಿತ್ತು. "ಮಂಚಮ್ಮನ ಎದೆ ಸೋಮಾರಿ ಆಗ್ಬುಟ್ಟಿದೆ," ಎಂದು ಗೊಣಗುವುದು ಹಿತ್ತಲಿನಲ್ಲಿದ್ದ ನನಗೂ ಕೇಳುತ್ತಿತ್ತು. ನಾನು ಅದರ ಕಡೆ ಗಮನ ಕೊಡಲಿಲ್ಲ. ನನಗೆ ಸಿಟ್ಟು ಮಾಡಿಕೊಳ್ಳುವುದರಲ್ಲೇ ಹೊತ್ತು ಸಾಲುತ್ತಿರಲಿಲ್ಲ.

ಬೀದಿಯ ಮೂಲೆಯಲ್ಲಿ ಜೈಬು ಬೀ ಹಣ್ಣಿನ ಗಾಡಿ ಇಟ್ಟುಕೊಂಡಿದ್ದಾಳೆ. ನಾನು ಹತ್ತಿರ ಹೋದರೆ, "ಏ ಬೋರಾ, ಆ ಎದೆ ತಗೊಂಡು ದೂರ ನಿಲ್ಲು, ನನ್ನ ಮೋಸಂಬಿ ಉರುಳ್ತವೆ," ಎನ್ನುವವಳು. ಒಂದು ದಿನ ಅವಳು ಗಿರಾಕಿಗೆಂದು ಚಕ್ಕೋತ ಸುಲಿಯುತ್ತಿದ್ದಳು. ಹಸಿರು ಸಿಪ್ಪೆಯ ಒಳಗೆ ಬೆರಳು ದಪ್ಪದ ಬಿಳಿಯ ಹತ್ತಿಯಂಥದ್ದು ಇರುತ್ತದಲ್ಲ, ಅದನ್ನು ಕಿತ್ತು ಹಲಗೆಯ ಮೇಲೆ ಎಸೆದಳು. ಹಲಗೆಯ ಮೇಲೆ ಚೆಲ್ಲಿದ್ದ ರಸವನ್ನು ಅದು ಸದ್ದಿಲ್ಲದೆ ಹೀರಿಕೊಂಡಿತು. ನಾನು ಎತ್ತಿ ಹಿಸುಕಿದೆ. ರಸ ಬಿಟ್ಟಿತು. ಕೈ ಸಡಿಲಿಸಿದ ಕೂಡಲೇ ಮತ್ತೆ ಉಬ್ಬಿತು. ಬೆರಳ ತುದಿಯಲ್ಲಿ ತಿಕ್ಕಿದೆ. ಜಿಡ್ಡಿಲ್ಲ, ಆದರೂ ಜಾರುತ್ತಿತ್ತು, ಬೆಣ್ಣೆಯ ಹಾಗೆ.

"ಇದನ್ನ ತಿಂತಾರಾ ಬೀಬಿ?"

"ಹಂಗೇ ತಿಂದ್ರೆ ವಿಷದ ಹಂಗೆ ಕಹಿ. ನಮ್ಮ ಅಮ್ಮೀ ಸಕ್ಕರೆ ಪಾಕಕ್ಕೆ ಹಾಕಿ ಮುರಬ್ಬ ಮಾಡೋರು. ಕುದಿಸೋದು, ಹಿಂಡೋದು, ನೀರು ಚೆಲ್ಲೋದು. ಮತ್ತೆ ಕುದಿಸೋದು. ಕಹಿ ಹೋಗೋವರ್ಗೂ ಬಿಡಬಾರದು. ಯಾಕೆ, ಈಗ ಹಸೂನ ಬಿಟ್ಟು ಆಡು ಸಾಕ್ತೀಯಾ?"

ಅವಳ ಸಿಪ್ಪೆ ಬುಟ್ಟಿಯನ್ನೇ ಹೊತ್ತು ತಂದೆ. ಕುದಿಸಿದೆ, ಹಿಂಡಿದೆ, ಚೆಲ್ಲಿದೆ. ಕೈ ಬೆಂದವು. ಮೊದಲೆರಡು ಸಲ ಕಹಿ ಬಿಡಲಿಲ್ಲ, ಹಂಡೆಯನ್ನು ಒದೆಯಬೇಕು ಎನ್ನಿಸಿತು. ಹಂಡೆ ಕುದಿಯುತ್ತಿತ್ತಾದ್ದರಿಂದ ಒದೆಯಲಿಲ್ಲ. ಯೋಚಿಸಿದರೆ ವಿಚಿತ್ರ ಅನ್ನಿಸುತ್ತದೆ, ನಾನು ನನ್ನ ಜನ್ಮದಲ್ಲಿ ಒಂದು ಕೆಲಸಕ್ಕೆ ಕಾದು ಕೂತದ್ದು ಅದೇ ಮೊದಲು. ಸಿಟ್ಟಿನಿಂದ ಹಿಂಡಿದರೆ ಅದು ಹರಿದು ಚಿಂದಿಯಾಗುತ್ತದೆ. ಅಂಗೈ ನಡುವೆ ಇಟ್ಟು ಮೆಲ್ಲಗೆ ಒತ್ತಿದರೆ ಕಹಿ ನೀರು ತಾನಾಗಿ ಇಳಿಯುತ್ತದೆ. ಒಲೆಯ ಮೇಲಿನ ಕಲ್ಲಿನ ಮೇಲೆ ಒಣಗಿಸಿ, ಬೀಸಿ ಪುಡಿ ಮಾಡಿ, ಹದವಾಗಿ ನೀರು ಹಾಕಿ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಪಾತ್ರೆಯಲ್ಲಿ ಬೆಳ್ಳಗೆ, ಮೆತ್ತಗೆ, ಕಡೆದಿಟ್ಟ ಬೆಣ್ಣೆಯಂಥದ್ದೇ ಕೂತಿತ್ತು. ವನಸ್ಪತಿಯನ್ನು ಪೂರ್ತಿ ತೆಗೆದೆ. ಬೆಣ್ಣೆ ಮಾತ್ರ ಕಾಲು ಪಾಲು ಉಳಿಸಿಕೊಂಡೆ. ಅದೂ ಇಲ್ಲದಿದ್ದರೆ ಬಿಸ್ಕತ್ತು ಬನ್ನಾಗುತ್ತದೆ ಎಂದು ಅಷ್ಟು ಹೊತ್ತಿಗೆ ಕಲಿತಿದ್ದೆ. ಏಲಕ್ಕಿ, ಸ್ವಲ್ಪ ಉಪ್ಪು. ಸಣ್ಣ ಉರಿ.

ದೊಡ್ಡಮ್ಮ ಒಂದನ್ನು ಮುರಿದಳು. ಉದುರಿತು. ಬಾಯಿಗಿಟ್ಟುಕೊಂಡಳು. ನಾಲಿಗೆಯ ಮೇಲೆ ಹೊರಳಿಸುತ್ತಾ ಸೂರು ನೋಡಿದಳು.

"ಏನಾದ್ರೂ ಹೇಳು, ಇಲ್ಲ ಬಯ್ಯಿ."

"ಬಯ್ಯಕ್ಕೆ ಏನೂ ಸಿಕ್ತಾ ಇಲ್ವಲ್ಲೋ, ಅದಕ್ಕೇ ಹುಡುಕ್ತಾ ಇದ್ದೀನಿ." ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡಳು. "ಆ ಜಿಡ್ಡಿನ ಪರಿಮಳ ಇಲ್ಲ. ಮಿಕ್ಕಿದ್ದೆಲ್ಲ ಇದೆ."

"ಹಂಗಾದ್ರೆ ನಾಳೆಯಿಂದ ಇದೇ."

"ಊರು ಒಪ್ಪಬೇಕಲ್ಲ. ಎಗರಬೇಕಲ್ಲ." ಅವಳು ನನ್ನನ್ನೇ ನೋಡಿದಳು. ಆಮೇಲೆ ಮಗುವಿಗೆ ಬೆಲ್ಲದ ಚೂರು ತೋರಿಸುವ ಹಾಗೆ ಹೇಳಿದಳು: "ಒಂದು ಕೆಲಸ ಮಾಡಾನ. ನಾಳೆ ಜಗಲಿ ಮೇಲೆ ಇದನ್ನೇ ತಿಂತೀನಿ, ಹೊಸ ಬಿಸ್ಕತ್ತು ಅಂತ ಹೇಳೇ ತಿಂತೀನಿ. ಬಾಯಲ್ಲಿ ಇಟ್ಕೊಂಡು ಕಾಯ್ತೀನಿ. ಅದು ಬಂದೇ ಬರ್ತದೆ, ಎಲ್ಲಿ ಹೋಗ್ತದೆ? ನಿನ್ನ ಬಿಸ್ಕತ್ತಿಗೇ ಎಗರಿತು ಅನ್ಕೋತಾರೆ. ಎಗರಿದ್ರೆ ವನಸ್ಪತಿ ಡಬ್ಬ ಈ ಮನೆಯಿಂದ ಆಚೆಗೆ. ಎಗರ್ಲಿಲ್ವಾ, ನಾಡಿದ್ದಿಂದ ಮತ್ತೆ ಹಳೇದೇ. ಆಮೇಲೆ ನೀನು ಉಸಿರೆತ್ತಬಾರದು. ಆಯ್ತಾ?"

ಸುಳ್ಳು ಎಂದು ಕೂಗಬೇಕೆನ್ನಿಸಿತು. ಆದರೆ ಅವಳು ಹಟಕ್ಕೆ ಬಿದ್ದರೆ ವನಸ್ಪತಿ ತಿಂದೇ ಸಾಯುವವಳು. ಆಯಿತು ಎಂದೆ.

ಮರುದಿನ ಬೆಳಿಗ್ಗೆ ಬೀದಿ ತುಂಬಿತ್ತು. ಗಿರಣಿಯ ಬಿಸ್ಕತ್ತಿನ ಪರೀಕ್ಷೆ ಎಂದು ಜವರಪ್ಪ ಊರೆಲ್ಲ ಸಾರಿದ್ದ. ಆರಾಧ್ಯ ಮೇಷ್ಟ್ರೂ ಕೈಚೀಲ ಹಿಡಿದು ಬಂದಿದ್ದರು, ಈಗ ನಿವೃತ್ತರು. ಜನ ನನಗೆ ಹಿತ್ತಲಿಗೆ ಹೋಗೆಂದರು. ಹೋಗುವುದಿಲ್ಲ ಎಂದೆ. ಕೊನೆಗೆ ಜೈಬು ಬೀ ತನ್ನ ಗಾಡಿಯ ಗೋಣಿತಾಟನ್ನು ತಂದು ನನ್ನ ಎದೆಗೆ ಎರಡು ಸುತ್ತು ಸುತ್ತಿ, "ಈಗ ನಿಂತ್ಕೋ," ಎಂದಳು.

ದೊಡ್ಡಮ್ಮ ಬಿಸ್ಕತ್ತನ್ನು ಎತ್ತಿ ಜನಕ್ಕೆ ತೋರಿಸಿದಳು. "ಹೊಸಾದು. ನನ್ನ ಹುಡುಗ ಮಾಡಿದ್ದು," ಎಂದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಬೀದಿ ಸ್ತಬ್ಧವಾಯಿತು. ಭಾರದ ಗಾಡಿ ಸಾಗತೊಡಗಿತು. ದಡ್, ದಡ್. ದಡ್, ದಡ್. ಎಗರು, ಎಂದುಕೊಂಡೆ. ಎಗರು, ಎಗರು. ಗಾಡಿ ಸಾಗುತ್ತಲೇ ಇತ್ತು. ದೊಡ್ಡಮ್ಮನ ದವಡೆ ಮೆಲ್ಲಗೆ ಆಡುತ್ತಿತ್ತು, ಬಾಯಲ್ಲಿ ಉಳಿದದ್ದನ್ನು ಕೆನ್ನೆಯ ಮೂಲೆಗೆ ಒತ್ತಿ ಉಳಿಸಿಕೊಳ್ಳುತ್ತಿದ್ದಳು. ಜನ ಕಾಲು ಬದಲಿಸಿ ನಿಂತರು. ಯಾರೋ ಕೆಮ್ಮಿದರು. ನಾನು ಗೋಣಿತಾಟಿನೊಳಗೆ ಮುಷ್ಟಿ ಬಿಗಿದು ಬೇಡಿಕೊಳ್ಳುತ್ತಿದ್ದೆ, ಒಂದೇ ಒಂದು ಸಲ ಎಗರಿಬಿಡು ಎಂದು. ಹಾಗೆ ಬೇಡಿಕೊಳ್ಳುತ್ತಿರುವಾಗಲೇ ನಾನು ಬೇಡುತ್ತಿರುವುದು ಏನನ್ನು ಎಂಬುದು ನನಗೆ ಕಂಡಿತು. ಅವಳ ತುಟಿ ಬೂದಿಯಾಗಲಿ, ಅವಳ ಕೈ ಗೋಡೆ ತಡಕಲಿ ಎಂದು ಬೇಡುತ್ತಿದ್ದೆ. ಇಷ್ಟು ದಿನ ಊರು ಬೇಡುತ್ತಿದ್ದದ್ದೂ ಅದನ್ನೇ. ನನಗೂ ಆ ಊರಿಗೂ ಏನು ವ್ಯತ್ಯಾಸ? ಬೇಡ, ಎಂದುಕೊಂಡೆ. ಎಗರಬೇಡ. ಅಂಗಡಿ ಹೋಗಲಿ. ಎಗರಬೇಡ.

ಎಗರಲಿಲ್ಲ. ಬಿಸ್ಕತ್ತು ಕರಗಿಹೋಯಿತು, ಇನ್ನು ಬಾಯಲ್ಲಿ ಇಟ್ಟುಕೊಳ್ಳಲು ಏನೂ ಉಳಿದಿಲ್ಲ ಎನ್ನುವುದು ಅವಳ ಗಂಟಲು ಆಡಿದ್ದರಲ್ಲೇ ಗೊತ್ತಾಯಿತು. ಕಣ್ಣು ತೆರೆದಳು. ಎದೆ ಅದೇ ಹದದಲ್ಲಿ, ಎತ್ತು ಮನೆಯ ದಾರಿ ಹಿಡಿದ ಗಾಡಿಯ ಹಾಗೆ, ದಡ್, ದಡ್.

"ಎಗರ್ಲಿಲ್ಲ," ಎಂದ ಜವರಪ್ಪ. ಯಾಕೋ ಅವನಿಗೂ ಗೆದ್ದ ಹುರುಪು ಇರಲಿಲ್ಲ. "ನಾನು ಆಗ್ಲೇ ಹೇಳಿದ್ನಲ್ಲ, ಬೂಸಾಗೆ ಯಾರ ಎದೆ ಕುಣೀತದೆ?"

"ಗಿರಣಿ ಕೈಲಿ ಕೊಟ್ರೆ ಇನ್ನೇನಾಗ್ತದೆ," ಎಂದರು ಇನ್ಯಾರೋ. ಒಬ್ಬೊಬ್ಬರಾಗಿ ಖಾಲಿ ಚೀಲ ಮಡಚಿಕೊಂಡು ಹೊರಟರು. ಮೇಷ್ಟ್ರು ಒಮ್ಮೆ ನನ್ನ ಕಡೆ ತಿರುಗಿ ನೋಡಿ ನಡೆದರು. ಬೀದಿ ಬರಿದಾಯಿತು.

ದೊಡ್ಡಮ್ಮ ಜಗಲಿಯ ಮೇಲೆ ಹಾಗೇ ಕೂತಿದ್ದಳು. "ಬರ್ಲಿಲ್ಲ ಕಣೋ," ಎಂದಳು, ತಪ್ಪು ಮಾಡಿದವಳ ಹಾಗೆ. "ಎಷ್ಟು ಕಾದೆ. ಹಾಳಾದ್ದು ಬರ್ಲೇ ಇಲ್ಲ."

"ನಿನ್ನೆ ಬೆಳಿಗ್ಗೆ ಬಂದಿತ್ತಲ್ಲ?"

"ನಿನ್ನೆ ಬಂದಿದ್ದು ಅದಲ್ಲ. ನಾನೇ ಉಸಿರು ಕಟ್ಟಿ, ಜಗಲೀಗೆ ಹಿಮ್ಮಡಿ ಗುದ್ದಿದೆ. ಜನ ಎಗರಿತು ಅಂದ್ಕೊಂಡ್ರು."

"ಮೊನ್ನೆ?"

"ಮೊನ್ನೇನೂ ಅಷ್ಟೇ." ಅವಳು ಕೈ ತಿರುಗಿಸಿ ನೋಡಿಕೊಂಡಳು. "ನಿಜವಾಗ್ಲೂ ಬಂದು ಎಷ್ಟು ದಿನ ಆಯ್ತೋ ಏನೋ. ಇವತ್ತು ನಿನಗೋಸ್ಕರ ನಿಜವಾದ್ದೇ ಬರ್ಲಿ ಅಂತ ಕೂತಿದ್ದೆ. ಹಿಮ್ಮಡಿ ಗುದ್ದಿ ಮೋಸ ಮಾಡಕ್ಕೆ ಮನಸ್ಸಾಗ್ಲಿಲ್ಲ." ಹೇಳುತ್ತಾ ಹೇಳುತ್ತಾ ಅವಳ ಮಾತು ನಿಂತಿತು. ತಾನು ಏನು ಹೇಳುತ್ತಿದ್ದೇನೆ ಎಂದು ಅವಳಿಗೇ ಆಗ ಕೇಳಿಸಿದಂತಿತ್ತು. ನನ್ನ ಹೆಂಚು, ನನ್ನ ಚಪ್ಪಲಿ, ನನ್ನ ಲಕೋಟೆಯ ಅಂಟು, ಡಬ್ಬಿ ತುಂಬಿಟ್ಟು ಬೈದು ಬೈದು ತಿಂದದ್ದೆಲ್ಲ ನಮ್ಮಿಬ್ಬರ ನಡುವೆ ಆ ಜಗಲಿಯ ಮೇಲೆ ಬಂದು ಕೂತಿತು.

"ಹಾಳಾದವನೇ," ಎಂದಳು ದೊಡ್ಡಮ್ಮ, ಬಹಳ ಮೆಲ್ಲಗೆ. "ಎದೆ ಸುಮ್ಮನಾಗಿಸಿಬಿಟ್ಯಲ್ಲೋ."

ನಾನು ಅವಳ ಪಕ್ಕ ಕೂತೆ. ಗೋಣಿತಾಟು ಬಿಚ್ಚಿ ಬಿಸಾಡಿದೆ. ಸೋತು ಕೂತಿದ್ದೆವು, ನಾಳೆ ಒಲೆ ಹಚ್ಚುತ್ತೇವೋ ಇಲ್ಲವೋ ಗೊತ್ತಿರಲಿಲ್ಲ. ಹುಡುಕಿದರೂ ನನಗೆ ಸಿಟ್ಟು ಸಿಗಲಿಲ್ಲ. ಅವಳು ಒಂದು ಬಿಸ್ಕತ್ತು ತೆಗೆದು ಅರ್ಧ ನನಗೆ ಕೊಟ್ಟಳು. ತಿನ್ನತೊಡಗಿದೆವು. ಅವ್ವ ಸತ್ತಾಗಲೂ ದೊಡ್ಡಮ್ಮ ಹೀಗೇ ಈ ಜಗಲಿಯ ಮೇಲೆ ಅರ್ಧ ಬನ್ನು ಮುರಿದು ಕೊಟ್ಟಿದ್ದಳು. ಆವತ್ತು ನನಗೆ ನುಂಗಲು ಆಗಿರಲಿಲ್ಲ.

ಬೀದಿಯ ತುದಿಯಲ್ಲಿ ಯಾರೋ ಓಡಿಬರುವ ಸದ್ದಾಯಿತು. ಜವರಪ್ಪ, ಅವನ ಹಿಂದೆ ಮೇಷ್ಟ್ರು, ಅವರ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಜೈಬು ಬೀ, ಇನ್ನೂ ಎಷ್ಟೋ ಜನ. ಅವರ ಎದೆಗಳೆಲ್ಲ ಢಮಢಮ ಬಡಿಯುತ್ತಿದ್ದವು. ನಮ್ಮನ್ನು ಕಂಡು ಸರಕ್ಕನೆ ನಿಂತರು.

"ಬದುಕಿದ್ದೀಯೇನೋ?" ಎಂದ ಜವರಪ್ಪ ಏದುಸಿರು ಬಿಡುತ್ತಾ.

"ಯಾಕೆ, ಯಾರು ಸತ್ರು?" ಎಂದೆ.

"ಯಾರು ಅಂತ ತಾನೇ ನೋಡಕ್ಕೆ ಬಂದಿದ್ದು! ಇಬ್ರನ್ನ ಬಿಟ್ಟು ಹೋದ್ವಿ. ಮೂಲೆ ತಿರುಗಿ ಕಿವಿಗೊಟ್ರೆ ಒಂದೇ ಸದ್ದು. ಗಿರಣಿ ನಿಂತೋಗಿದೆ! ನೀನೋ, ಮಂಚಮ್ಮನೋ, ಯಾರೋ ಒಬ್ರು ಹೋದ್ರು ಅಂತ..."

ನಾವು ಕಿವಿಗೊಟ್ಟೆವು. ನಿಜ. ಜಗಲಿಯ ಮೇಲೆ ಒಂದೇ ಎದೆ ಬಡಿಯುತ್ತಿತ್ತು. ನನ್ನದು ಯಾವಾಗಲೋ ಸದ್ದಿಲ್ಲದೆ ಹೋಗಿ ಅವಳ ಗಾಡಿಯ ಹೆಜ್ಜೆಯೊಳಗೆ ಹೆಜ್ಜೆ ಇಟ್ಟುಕೊಂಡು ನಡೆಯುತ್ತಿತ್ತು. ಆರಾಧ್ಯ ಮೇಷ್ಟ್ರು ನನ್ನ ಹತ್ತಿರ ಬಂದು, ಬಗ್ಗಿ, ನನ್ನ ಎದೆಗೇ ಕಿವಿಯಿಟ್ಟರು. ಬಹಳ ಹೊತ್ತು ಹಾಗೇ ಇದ್ದರು. "ಬೋರಲಿಂಗ," ಎಂದರು ಕೊನೆಗೆ, "ಆವತ್ತು ನಾನು ಹೀಗೆ ಹತ್ತಿರ ಬಂದು ಕೇಳಬೇಕಾಗಿತ್ತು ಕಣಪ್ಪ." ಕ್ಷಮಿಸುವಷ್ಟು ದೊಡ್ಡ ಮನುಷ್ಯ ನಾನಿನ್ನೂ ಆಗಿಲ್ಲ. ತಟ್ಟೆಯನ್ನು ಅವರ ಕಡೆ ಸರಿಸಿದೆ.

ದೊಡ್ಡಮ್ಮ ಎದ್ದು ನಿಂತಳು. "ಎಲ್ಲರೂ ಹೆಂಗೂ ಓಡಿ ಬಂದಿದ್ದೀರಿ, ಕೇಳ್ಕೊಂಡೇ ಹೋಗಿ," ಎಂದಳು. ಎಗರು ಎಂದರೆ ಏನು, ಡಾಕ್ಟರು ಏನೆಂದರು, ಇಷ್ಟು ವರ್ಷ ಅವರು ಏನನ್ನು ಕೇಳಿ ಚೀಲ ತುಂಬಿಕೊಂಡರು, ಕಡೆಕಡೆಗೆ ತಾನೇ ಹಿಮ್ಮಡಿ ಗುದ್ದಿದ್ದು ಎಲ್ಲವನ್ನೂ ಹೇಳಿದಳು. ಅಂಗಡಿ ಆಮೇಲೆ ಇರುತ್ತದೋ ಹೋಗುತ್ತದೋ ಎಂದು ಅಳೆಯದೆ ಹೇಳಿದಳು. ಅಷ್ಟು ಎದೆಗಳು ಒಟ್ಟಿಗೆ ಮೆತ್ತಗಾಗುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಓಡಿ ಬಂದ ಆಯಾಸಕ್ಕೋ, ಕೈಗೆ ಏನು ಮಾಡಬೇಕೆಂದು ತಿಳಿಯದೆಯೋ, ಜವರಪ್ಪ ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದು ಬಾಯಿಗೆ ಹಾಕಿಕೊಂಡ. ಅಗಿದ. ಇನ್ನೊಂದು ತೆಗೆದ.

"ಬೂಸಾ ಕಣೋ ಅದು," ಎಂದೆ ನಾನು. "ಮೂಗುದಾರ ಬೇಕಾ?"

"ಸುಮ್ನಿರೋ, ತಿನ್ನೋವಾಗ ಮಾತಾಡಿಸ್ಬೇಡ," ಎಂದ ಅವನು.

ಮರುದಿನ ಬೆಳಿಗ್ಗೆ ಒಲೆ ಹಚ್ಚಿದೆವು. ಬಂದರೆ ಬರಲಿ, ಬಾರದಿದ್ದರೆ ನಾವೇ ತಿಂದರಾಯಿತು ಎಂದುಕೊಂಡು ಮೊದಲ ತಟ್ಟೆ ತೆಗೆದು ಹೊರಗೆ ನೋಡಿದರೆ ಬೀದಿಯಲ್ಲಿ ಎಂದಿನ ಹಾಗೆ ಜನ ನಿಂತಿದ್ದರು. ಎಲ್ಲರೂ ಅಲ್ಲ, ಕೆಲವರು ಹೊಳೆಯಾಚೆಯ ಬೇಕರಿಗೆ ಹೋಗಿದ್ದರು, ಅವರು ಈಗಲೂ ಅಲ್ಲಿಗೇ ಹೋಗುತ್ತಾರೆ. ಉಳಿದವರು ಪದ್ಧತಿ ಬಿಡಲಿಲ್ಲ. ದೊಡ್ಡಮ್ಮನನ್ನು ಜಗಲಿಯ ಮೇಲೆ ಕೂರಿಸಿದರು. ಅವಳು ಬಿಸ್ಕತ್ತು ಬಾಯಿಗಿಟ್ಟುಕೊಂಡಳು. ಬೀದಿ ಉಸಿರು ಬಿಗಿಹಿಡಿಯಿತು. ನನ್ನನ್ನು ಯಾರೂ ಹಿತ್ತಲಿಗೆ ಕಳಿಸಲಿಲ್ಲ. ಗಾಡಿ ಸಾಗಿತು, ಸಾಗಿತು, ಸಾಗುತ್ತಲೇ ಇತ್ತು. ಜವರಪ್ಪ ಕತ್ತು ಓರೆ ಮಾಡಿ, ಬೆರಳೆತ್ತಿ, ಎಲ್ಲರಿಗಿಂತ ಹೆಚ್ಚು ಹೊತ್ತು ಆಲಿಸಿದ. ಆಮೇಲೆ ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದ:

"ಏನೂ ಆಗ್ಲಿಲ್ಲ! ತಟ್ಟೆ ಈಚೆ ತನ್ನಿ!"